‘ವೇಟ್’ ಅನ್ನುವ ಪದ ಮತ್ತು ದೊಡ್ಡಮ್ಮನ ಕಣ

"ವೇಟ್ ಮಾಡ್ತಿರಿ ಮೇಡಂ" ಅಂದು ನರ್ಸ್ ಬಾಗಿಲು ಹಾಕಿಕೊಂಡಳು. ಆ ಬಾಗಿಲ ಹಿಂದೆ ನನ್ನ ತಂಗಿ ಲತಾ ಇದ್ದಳು, ಹೆರಿಗೆ ನೋವಿನಲ್ಲಿ.

ತುಮಕೂರಿನ ಬಟವಾಡಿಯ ಒಂದು ನರ್ಸಿಂಗ್ ಹೋಮ್, ಕಳೆದ ವಾರದ ಮಾತು. ಹೋದ ಸಲ ಅವಳ ಮಗು ಏಳು ತಿಂಗಳಿಗೇ ಹೋಗಿಬಿಟ್ಟಿತ್ತು. ಈ ಸಲ ದಿನ ತುಂಬಿದ್ದರೂ ನಮ್ಮ ಯಾರ ಜೀವಕ್ಕೂ ನೆಮ್ಮದಿ ಇರಲಿಲ್ಲ.

ನನಗೆ ಕಾಯುವುದು ಅಂದರೆ ಆಗದು. ಸಿಟಿ ಬಸ್ ಸ್ವಲ್ಪ ತಡವಾದರೂ ಆಟೋ ಹತ್ತಿಬಿಡುವವಳು. ಹೊರಗಿನ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡಿದೆ, ಫೋನ್ ತೆಗೆದೆ, ಇಟ್ಟೆ, ಮತ್ತೆ ತೆಗೆದೆ.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಭಯವಾದಾಗ ಕೆಲವರು ದೇವರ ಹೆಸರು ಹೇಳುತ್ತಾರೆ, ನಾನು ಡಿಕ್ಷನರಿ ತೆಗೆಯುತ್ತೇನೆ. ನಗಬೇಡಿ... ಅದೊಂದು ಚಟ.

ಅವತ್ತು ನರ್ಸ್ ಹೇಳಿಹೋದ ಪದವನ್ನೇ ಹುಡುಕಿದೆ. ವೇಟ್. ‘ಒಂದ್ನಿಮಿಷ ವೇಟ್ ಮಾಡು’, ‘ಸಾರ್ ಮೀಟಿಂಗಲ್ಲಿದಾರೆ, ವೇಟ್ ಮಾಡಿ’... ನಮ್ಮ ತುಮಕೂರಿನಲ್ಲಿ ಅದನ್ನು ಇಂಗ್ಲಿಷ್ ಅಂತ ಯಾರು ತಿಳಿದಿದ್ದಾರೆ?

ಹಳೆಯ ಫ್ರೆಂಚಿನಿಂದ ಬಂದ ಪದವಂತೆ. ಮೊದಲಿಗೆ ಅದರ ಅರ್ಥ ಕಣ್ಣಿಟ್ಟು ನೋಡುವುದು, ಕಾವಲಿರುವುದು. ‘ವೇಕ್’, ‘ವಾಚ್’ ಎಲ್ಲ ಅದರ ನೆಂಟರೇ. ವೇಟರ್ ಅಂದರೆ ಒಂದು ಕಾಲಕ್ಕೆ ಕಾವಲುಗಾರ, ದೋಸೆ ತಂದಿಡುವವನು ಆಮೇಲೆ ಬಂದ. ಸುಮ್ಮನೆ ಹೊತ್ತು ಕಳೆಯುವ ಅರ್ಥ ಅದಕ್ಕೆ ಅಂಟಿಕೊಂಡಿದ್ದು ಎಷ್ಟೋ ಕಾಲದ ನಂತರ.

ಓದಿ ಫೋನ್ ಕೆಳಗಿಟ್ಟೆ. ತಿಳಿದು ಏನಾಗಬೇಕಿತ್ತು? ಬಾಗಿಲು ಮುಚ್ಚಿಯೇ ಇತ್ತು.

ಅಷ್ಟರಲ್ಲಿ ದೊಡ್ಡಮ್ಮ ಬಂದಳು, ಸಿ.ಎಸ್. ಪುರದಿಂದ, ಗುಬ್ಬಿಯಲ್ಲಿ ಬಸ್ ಬದಲಾಯಿಸಿಕೊಂಡು. ನಮ್ಮಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ತವರು ಅಂದರೆ ಅವಳೇ.

ಬಂದವಳು ಹಾಲ್‌ನ ಹೊಸ್ತಿಲ ಆಚೆಯೇ ಚಪ್ಪಲಿ ಬಿಟ್ಟಳು. ಒಳಗೆ ಎಲ್ಲರೂ ಚಪ್ಪಲಿ ಬೂಟು ಹಾಕಿಕೊಂಡೇ ಕೂತಿದ್ದರು. ಕುರ್ಚಿ ಬೇಡವೆಂದು, ಆ ಬಾಗಿಲಿಗೆ ಎದುರಾಗಿ ಗೋಡೆಗೊರಗಿ ನೆಲದ ಮೇಲೆ ಕೂತಳು. ಮಾತಿಲ್ಲ ಕತೆಯಿಲ್ಲ.

ಲತಾಳ ಗಂಡ ಮಂಜು, ಪಾಪ, ಟೆನ್ಷನ್ನಿನಲ್ಲಿ ಏನಾದರೂ ಮಾತಾಡಬೇಕಲ್ಲ ಅಂತ, "ಅತ್ತೆ, ಗಂಡೋ ಹೆಣ್ಣೋ, ನಿಮ್ಗೇನನ್ಸುತ್ತೆ?" ಅಂದ.

"ಸುಮ್ಕಿರಪ್ಪ. ರಾಶಿ ಅಳೆಯಕ್ ಮುಂಚೆ ಎಷ್ಟು ಪಲ್ಲ ರಾಗಿ ಅಂತ ಯಾರಾದ್ರೂ ಕೇಳ್ತಾರಾ?"

ಆಗ ಹೊಳೆಯಿತು ನನಗೆ. ನಾವೆಲ್ಲ ನರ್ಸಿಂಗ್ ಹೋಮಿನಲ್ಲಿದ್ದೆವು, ದೊಡ್ಡಮ್ಮ ರಾಗಿ ಕಣದಲ್ಲಿ ಕೂತಿದ್ದಳು.

ಅವಳ ಕಡೆ ರಾಗಿ ಒಕ್ಕಿ ತೂರಿ ರಾಶಿ ಮಾಡಿದ ಮೇಲೆ, ಅಳೆದು ಮನೆಗೆ ಸಾಗಿಸುವ ತನಕ ಯಾರಾದರೊಬ್ಬರು ಹತ್ತಿರ ಇರಲೇಬೇಕು. ಕಣದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಹೆಚ್ಚು ಮಾತಾಡುವಂತಿಲ್ಲ. ಎಷ್ಟಾಗಬಹುದು ಅಂತ ಮೊದಲೇ ಅಂದಾಜು ಕಟ್ಟಿದರೆ ರಾಶಿ ಕುಗ್ಗುತ್ತದೆ ಅನ್ನುವ ನಂಬಿಕೆ.

"ದೊಡ್ಡಮ್ಮ, ಏನಾದ್ರೂ ಇದ್ರೆ ಫೋನ್ ಮಾಡ್ತಾರೆ. ಬಾ, ಊಟ ಮಾಡ್ಕೊಂಡು ಬರೋಣ" ಅಂದೆ.

"ರಾಶಿ ಬುಟ್ಟು ಎಲ್ರೂ ಎದ್ದೋಗಕ್ಕಾಯ್ತದೇನವ್ವ? ನೀವೋಗ್ ಬನ್ನಿ, ನಾನಿರ್ತೀನಿ."

ಇವಳು ಇಲ್ಲಿ ಕೂತರೆ ಒಳಗೆ ಏನು ಬದಲಾಗುತ್ತದೆ ಅಂತ ಸಿಟ್ಟು ಬಂತು. ಹೆದರಿದಾಗ ನನಗೆ ಬರುವುದು ಸಿಟ್ಟೇ.

ಮಂಜು ಕೂರಲಾರದೆ ಕೆಳಗೆ ಟೀ ಅಂಗಡಿಗೆ ಹೋದ. ನಾನು ಯಾಕೆಂದು ಗೊತ್ತಿಲ್ಲದೆ ಎದ್ದು, ಚಪ್ಪಲಿ ಹೊರಗೆ ಬಿಟ್ಟು ಬಂದು ದೊಡ್ಡಮ್ಮನ ಪಕ್ಕ ಕೂತೆ. ನೆಲ ತಣ್ಣಗಿತ್ತು.

ಮೇಲೆ ಫ್ಯಾನ್ ನಿಧಾನಕ್ಕೆ ತಿರುಗುತ್ತಿದೆ. ಹೈವೇಯ ಲಾರಿಗಳ ಸದ್ದು ದೂರ ಸರಿಯುತ್ತಾ ಸರಿಯುತ್ತಾ ಮೊರದಲ್ಲಿ ಕಾಳು ಕೇರುವ ಸದ್ದಿನ ಹಾಗೆ ಕೇಳಿಸುತ್ತಿದೆ. ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲಗೆ ಹರಿಯುತ್ತಿದೆ... ಎಚ್ಚರವೋ ಮಂಪರೋ ತಿಳಿಯುತ್ತಿಲ್ಲ.

ಆ ಬಿಸಿಲಿನಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ರಾಗಿ ತೂರುತ್ತಿದ್ದಾಳೆ. ಹೊಟ್ಟು ಗಾಳಿಗೆ ಹಾರಿಹೋಗುತ್ತಿದೆ, ಕೆಂಪು ಕಾಳು ಅವಳ ಕಾಲ ಬಳಿ ಬೀಳುತ್ತಿದೆ. ನಾನೂ ಲತಾಳೂ ಇನ್ನೂ ಸಣ್ಣವರು. ಯಾರೂ ಮಾತಾಡುತ್ತಿಲ್ಲ.

"ಬಾಗ್ಲು ನೋಡ್ತಿರವ್ವ, ಮುಖ ತೊಳ್ಕಂಡ್ ಬತ್ತೀನಿ" ಅಂತ ದೊಡ್ಡಮ್ಮ ಎದ್ದಾಗ ಬೆಚ್ಚಿದೆ. ನನ್ನ ಭುಜ ಹಿಡಿದುಕೊಂಡೇ ಎದ್ದಳು, ಮೊಣಕಾಲು ನೋವು ಅವಳಿಗೆ.

ಈಗ ನಾನೊಬ್ಬಳೇ. ಫೋನ್ ಬ್ಯಾಗಿನಲ್ಲಿತ್ತು, ತೆಗೆಯಲಿಲ್ಲ.

ಆ ಬಾಗಿಲನ್ನೇ ನೋಡಿದೆ. ನಾನು ಕಣ್ಣು ತೆಗೆದರೆ ಒಳಗೆ ಏನೋ ಕೈಜಾರಿ ಹೋಗುತ್ತದೆ ಅನ್ನುವ ಹಾಗೆ ನೋಡಿದೆ. ಮೂರ್ಖತನ ಅನ್ನಿ... ಆ ಹೊತ್ತಿಗೆ ನನ್ನ ಕೈಲಾಗುತ್ತಿದ್ದ ಕೆಲಸ ಅದೊಂದೇ.

ಬಾಗಿಲು ತೆರೆಯಿತು. "ಲತಾ ಕಡೆಯವ್ರು ಯಾರಿದೀರಾ?"

"ನಾನಿದೀನಿ" ಅಂದೆ.

ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ತೋರಿಸಿ ನನ್ನ ಕೈಗೆ ಕೊಟ್ಟಳು. ಹೆಣ್ಣು. ಅಳು ಜೋರಾಗಿತ್ತು. ತಾಯಿಯೂ ಚೆನ್ನಾಗಿದ್ದಾರೆ ಅಂದಳು. ನನ್ನ ಕಣ್ಣು ತುಂಬಿ ಮಗುವಿನ ಮುಖ ಸರಿಯಾಗಿ ಕಾಣಲೇ ಇಲ್ಲ.

ದೊಡ್ಡಮ್ಮ ಬಂದು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮಗುವಿನ ಹಣೆ ಮುಟ್ಟಿದಳು. "ಅವ್ಳು?" ಅಂದಳು. ಚೆನ್ನಾಗಿದ್ದಾಳಂತೆ ಅಂದೆ. ಹೋಗಿ ಅದೇ ಗೋಡೆಗೊರಗಿ ಕೂತು, ನೋಡನೋಡುತ್ತಲೇ ನಿದ್ದೆ ಹೋದಳು.

ಸಂಜೆ ಲತಾಳನ್ನು ವಾರ್ಡಿಗೆ ತಂದರು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ. ಮಗುವನ್ನು ಪಕ್ಕದಲ್ಲಿ ಮಲಗಿಸಿದಾಗ ಅದನ್ನು ತಡವಿ, ಆಮೇಲೆ ನನ್ನ ಕೈ ಹಿಡಿದಳು.

"ಅಕ್ಕಾ, ಹೊರಗಡೆ ಯಾರಿದ್ರು?"

"ದೊಡ್ಡಮ್ಮ ಇದ್ಲು ಕಣೇ. ನಾನೂ ಇದ್ದೆ, ಅಲ್ಲೇ."

"ಗೊತ್ತಾಗ್ತಿತ್ತು" ಅಂದು ಕಣ್ಣು ಮುಚ್ಚಿಕೊಂಡಳು.

ನೀವು ಒಳಗೆ ನೋವಿನಲ್ಲಿದ್ದಾಗ, ಬಾಗಿಲ ಹೊರಗೆ ಕಣ್ಣು ಕೀಳದೆ ಕೂತಿದ್ದವರು ಯಾರು?