ಉಸಿರು ಕಟ್ಟಿದ ಕಂಪ್ರೆಸರ್

ಶಹಾಬಾದಿನ ನಮ್ಮ ಓಣಿಯ ಮೇಸ್ತ್ರಿ ಯಾವ ಯಂತ್ರವನ್ನು ಮುಟ್ಟುವ ಮೊದಲೂ ಕಿವಿಗೊಟ್ಟು, "ತಡೀರಿ, ಅದು ಹೇಳ್ಲಿ" ಅನ್ನುತ್ತಿದ್ದರು. ಅವರು ರಿಪೇರಿ ಮಾಡಿದ ವಾರಕ್ಕೇ, ಬಣ್ಣ ಹೊಡೆಯಲು ಮನೆಯಲ್ಲಿಟ್ಟಿದ್ದ ಕಂಪ್ರೆಸರ್ ಗಾಳಿ ತುಂಬದಾಯಿತು. ಪಿಸ್ಟನ್ನಿಗೆ ಹಳೇ ರಿಂಗ್ ಹಾಕಿ ಮೋಸ ಮಾಡಿದಿರೆಂದು ಓಣಿಗೆಲ್ಲ ಕೇಳುವಂತೆ ಅವರ ಮೇಲೆ ಕೂಗಾಡಿದೆ.

ಅವತ್ತೂ ಅವರು ಯಂತ್ರಕ್ಕೆ ಕಿವಿಗೊಟ್ಟರು. ಆಮೇಲೆ ಗಾಳಿ ಎಳೆಯುವ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕಿತ್ತೆಸೆದರು. ಊರ ಗಣಿಗಳ ಫರಸಿ ಕಲ್ಲಿನ ಧೂಳು ಒಳಹೋಗದಿರಲೆಂದು ನಾನೇ ಅದನ್ನು ಒದ್ದೆ ಮಾಡಿ ಕಟ್ಟಿದ್ದೆ. ಧೂಳು ಕೂತು ಗಾರೆಯಂತೆ ಗಟ್ಟಿಯಾಗಿತ್ತು. ಅದು ಹೋದದ್ದೇ ಒತ್ತಡದ ಮುಳ್ಳು ಸರಸರನೆ ಏರಿತು.

"ಮೂಗು ಮುಚ್ಚಿ ದುಡಿ ಅಂದ್ರ ಹ್ಯಾಂಗ ದುಡೀತದರಿ, ಬಿ.ಎ. ಸಾಹೇಬ್ರ? ಮೋಸಗಾರ ಅಂದ್ರಲ್ಲ, ಇನ್ನ ನಂಗ ಕೆಲಸ ಯಾರು ಕೊಡ್ತಾರ್ರಿ? ಯಾರ ತಪ್ಪಂತ ಈಗೂ ಅಷ್ಟೇ ಜೋರ ಒದರ್ರಿ!"

ಕ್ಷಮೆ ಕೇಳಿದೆನೆಂದು ಅವತ್ತಿನ ನನ್ನ ಡೈರಿಯಲ್ಲಿದೆ. ಜೋರಾಗಿ ಕೇಳಿದ್ದರೆ ಅದನ್ನೂ ಬರೆದಿರುತ್ತಿದ್ದೆ.