ಎರಡು ತುಂಡಿನ ಸೀಟು

ತನ್ನ ಬೈಕಿನ ಆ ಮೆತ್ತನೆಯ ಸೀಟಿನ ಮೇಲೆ ಕೂತಾಗಲೆಲ್ಲ ಲಿಫ್ಟ್ ರಿಪೇರಿಯವನಿಗೆ ಮುಳ್ಳಿನ ಮೇಲೆ ಕೂತಂತಾಗುತ್ತದೆ. ತಪ್ಪು ಅವನದೇ. ದಿನವಿಡೀ ಲಿಫ್ಟಿನ ಕೆಳಗಿನ ಹೊಂಡದಲ್ಲಿ ಒಬ್ಬನೇ ದುಡಿಯುವವನು, ಬೈಕ್ ಹತ್ತಿದರೆ ಸಾಕು, ಹಿಂದೆ ಕೂತ ಹೆಂಡತಿಯ ತಲೆ ತಿನ್ನುತ್ತಿದ್ದ.

ಹೊಸ ಎಲೆಕ್ಟ್ರಿಕ್ ಬೈಕಿನ ಸೀಟು ಕಲ್ಲಿನಂತಿತ್ತು. ಬೇರೆ ಹಾಕಿಸಲು ಹೋದಾಗ ಒಂದೇ ತುಂಡಿನ ಉದ್ದನೆಯ ಸೀಟೊಂದನ್ನು ಒತ್ತಿ ನೋಡಿ ಅವಳೆಂದಳು, "ಇದೇ ಇರ್ಲಿ ಕಣ್ರೀ. ನಾನು ಹತ್ತಿದ್ದು, ಇಳಿದದ್ದು ನಿಮಗೆ ಗೊತ್ತಾಗುತ್ತೆ."

ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ತನ್ನ ಸೊಂಟಕ್ಕೆ ಹಿತವೆಂದು ಎರಡು ತುಂಡಿನ ದಪ್ಪ ಸೀಟು ಹಾಕಿಸಿದ.

ಮೊದಲ ಭಾನುವಾರವೇ, ಸಿಗ್ನಲ್‌ನಲ್ಲಿ ಅವಳ ಚಪ್ಪಲಿ ಜಾರಿ ಬಿತ್ತು. ಎತ್ತಿಕೊಳ್ಳಲು ಇಳಿದಳು. ಹಸಿರು ದೀಪ ಹತ್ತಿತು, ಬೈಕು ಸದ್ದಿಲ್ಲದೆ ಹೊರಟೇಹೋಯಿತು. ಹೆಲ್ಮೆಟ್ ಹಾಕಿದ್ದ ಅವನಿಗೆ ಅವಳ ಕೂಗು ಕೇಳಿಸಲಿಲ್ಲ. ಮೇಸ್ತ್ರಿಯ ಜಿಪುಣತನ, ಭಾವಮೈದುನನ ಸೋಮಾರಿತನ ಎಲ್ಲವನ್ನೂ ಕೊರೆಯುತ್ತ ಮನೆ ಮುಟ್ಟಿ, "ಏನಂತೀಯ?" ಎಂದು ತಿರುಗಿದರೆ ಹಿಂದೆ ಯಾರೂ ಇಲ್ಲ!

ಎದ್ದೆನೋ ಬಿದ್ದೆನೋ ಎಂದು ವಾಪಸ್ ಬಂದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಫುಟ್‌ಪಾತಿನ ಮೇಲೆ ಕೂತಿದ್ದಳು.

"ಮನೆ ತಂಕ ಗೊತ್ತೇ ಆಗ್ಲಿಲ್ವಾ?"

"ಅದು... ಈ ಸೀಟು..." ಎನ್ನುತ್ತ ಅವನು ಹಿಂದಿನ ತುಂಡನ್ನು ಒತ್ತಿ ನೋಡಿದ. ಮನೆ ಮುಟ್ಟುವ ತನಕ ಹಿಂದಿನಿಂದ ಒಂದು ಮಾತೂ ಬಾರದಿದ್ದುದು ಅವನಿಗೆ ಹೊಸದೆನಿಸಿರಲೇ ಇಲ್ಲ.