ಪಟ್ಟಿಯಲ್ಲಿ ಅಕ್ಕನ ಹೆಸರು

ಗುಬ್ಬಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೆ. ಕೊರೊನಾ ಬಂದು ಮದುವೆಗಳು ನಿಂತವು. ಮತ್ತೆ ಶುರುವಾದಾಗ ಜನ ಕಲ್ಯಾಣ ಮಂಟಪಗಳ ಕಡೆ ಹೋದರು. ಸಾಲ ತೀರಿಸಲಾಗದೆ ತುಮಕೂರಿನ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದೆ. ನಮ್ಮ ಕಡೆ ಇದಕ್ಕೆ ಪಾಪರ್ ಚೀಟಿ ಎನ್ನುತ್ತಾರೆ. ಬೈಯುವಾಗ ಆಡುವ ಮಾತು ಅದು.

ಮೊದಲ ಸಲ ವಕೀಲರ ಆಫೀಸಿಗೆ ಹೋದಾಗ ನಾನು ಕೇಳಿದ್ದೆಲ್ಲ ನನ್ನ ಮರ್ಯಾದೆಯ ವಿಚಾರ. ಪೇಪರಿನಲ್ಲಿ ಪ್ರಕಟಣೆ ಕೊಡಬೇಕಂತೆ, ಗುಬ್ಬಿಗೆ ಬರುವ ಪೇಪರೇ ಆಗಬೇಕಾ, ಅಂಗಡಿಯ ಹೆಸರೂ ಹಾಕುತ್ತಾರಾ, ಅಪ್ಪನ ಹೆಸರು ಬಿಡಬಹುದಾ. ವಕೀಲರು ನಕ್ಕರು.

“ಆ ಪುಟ ಓದೋರು ಇಬ್ರೇ ಕಣ್ರೀ. ಒಬ್ಬ ಅಚ್ಚು ಹಾಕೋನು, ಇನ್ನೊಬ್ಬ ನಾನು.”

ಆಮೇಲೆ ಬಿಳಿ ಹಾಳೆ ಕೊಟ್ಟು, ಯಾರಿಗೆಲ್ಲ ಕೊಡಬೇಕೋ ಅವರ ಹೆಸರು, ವಿಳಾಸ ಬರೆಯಲು ಹೇಳಿದರು. ಬಾಯಿಮಾತಿನಲ್ಲಿ ತಂದದ್ದನ್ನೂ ಬಿಡಬಾರದು, ಇದು ಪ್ರಮಾಣ ಮಾಡಿ ಕೊಡುವ ಪಟ್ಟಿ, ಇದರಲ್ಲಿರುವ ಎಲ್ಲರಿಗೂ ನೋಟಿಸ್ ಹೋಗುತ್ತದೆ ಎಂದರು. ಬ್ಯಾಂಕು, ಫೈನಾನ್ಸಿನವರು, ಬಟ್ಟೆ ಕೊಟ್ಟ ವ್ಯಾಪಾರಿ ಎಂದು ಬರೆಯುತ್ತಾ ಹೋದೆ. ಕೊನೆಗೆ ಉಳಿದವಳು ಅಕ್ಕ.

ಅಕ್ಕನನ್ನು ಕೊಟ್ಟಿದ್ದು ಕುಣಿಗಲ್ ಹತ್ತಿರದ ಹಳ್ಳಿಗೆ. ಎರಡು ಹಸು ಸಾಕಿದ್ದಳು. ಡೈರಿಯ ಹಾಲಿನ ದುಡ್ಡು ಅವಳ ಖಾತೆಗೆ ಬರುತ್ತಿತ್ತು. ಮನೆಖರ್ಚು ಕಳೆದು ಉಳಿದದ್ದನ್ನು ಭಾವನಿಗೆ ಹೇಳದೆ ಪೋಸ್ಟಾಫೀಸಿನಲ್ಲಿ ಕಟ್ಟುತ್ತಿದ್ದಳು. ಎಷ್ಟು ವರ್ಷ ಕಟ್ಟಿದ್ದಳೋ, ನಾನು ಕೇಳಲಿಲ್ಲ. ನನ್ನ ಕಷ್ಟ ತಿಳಿದು ಅಷ್ಟನ್ನೂ ಬಿಡಿಸಿ, ಕುಣಿಗಲ್ ಬಸ್ ಸ್ಟ್ಯಾಂಡಿಗೆ ಕರೆಸಿ ನನ್ನ ಕೈಗಿಟ್ಟಳು.

“ನಿಮ್ ಭಾವಂಗೆ ಗೊತ್ತಾಗ್ಬಾರ್ದು ಕಣೋ. ಅಷ್ಟೇ ನಾನ್ ಕೇಳೋದು.”

ಆ ಮಾತು ಮರೆತಿರಲಿಲ್ಲ. ಅವಳ ಹೆಸರಿನ ಹತ್ತಿರ ಪೆನ್ನು ನಿಂತದ್ದೂ ನೆನಪಿದೆ. ಹೆಸರು ಬಿಟ್ಟರೆ ಅವಳ ದುಡ್ಡು ದುಡ್ಡೇ ಅಲ್ಲ ಎಂದಂತಾಗುತ್ತದೆ, ಕೋರ್ಟು ನನ್ನದನ್ನು ಮಾರಿ ಸಾಲಗಾರರಿಗೆ ಏನಾದರೂ ಹಂಚಿದರೆ ಅವಳಿಗೂ ಬರಲಿ ಎಂದುಕೊಂಡೆ. ಸುಳ್ಳು ಪ್ರಮಾಣದ ಭಯವೂ ಇತ್ತು. ಯಾವುದು ಹೆಚ್ಚಾಗಿತ್ತು ಎಂದು ಇವತ್ತಿಗೂ ಹೇಳಲಾರೆ. ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಹೆಂಗಸಿನ ಹೆಸರಾದ್ದರಿಂದ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರು ಸೇರಿಸಿದೆ. ಅರ್ಜಿಗಳಲ್ಲಿ ಹಾಗೇ ಬರೆಯುವುದು.

ಪೇಪರಿನಲ್ಲಿ ಪ್ರಕಟಣೆ ಬಂದ ದಿನ ಗುಬ್ಬಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಅಕ್ಕನ ನೋಟಿಸನ್ನು ಮಾತ್ರ ಪೋಸ್ಟ್‌ಮನ್ ಡೈರಿಯ ಮುಂದೆ ಸಿಕ್ಕ ಭಾವನ ಕೈಗೆ ಕೊಟ್ಟನಂತೆ. ಹಾಲು ಹಾಕಲು ಬಂದವರಲ್ಲೊಬ್ಬ, “ಏನ್ಲಾ, ಕೋರ್ಟಿಂದ ಲಗ್ನಪತ್ರಿಕೆ ಬಂದೈತಲ್ಲ” ಎಂದನಂತೆ. ಭಾವ ಅಲ್ಲೇ ನಿಂತು ಓದಿದರಂತೆ.

ವಾರ ಬಿಟ್ಟು ಅಕ್ಕನ ಮನೆಗೆ ಹೋದೆ. ಭಾವ ಬೈಯಲಿಲ್ಲ. ಕುರ್ಚಿ ಹಾಕಿದರು, ಕಾಫಿ ಮಾಡಿಸಿದರು. ನಾನು ಕುಡಿದ ಲೋಟ ಕೆಳಗಿಟ್ಟ ಮೇಲೆ, ನನ್ನ ಕಡೆ ನೋಡದೆ ಅಕ್ಕನನ್ನು ಕೇಳಿದರು.

“ಇದೊಂದೇನಾ, ಇನ್ನೂ ಎಲ್ಲೆಲ್ಲಿ ಇಟ್ಟಿದೀಯ?”

ಅಕ್ಕ ಬಗ್ಗಿ ಲೋಟ ಎತ್ತಿಕೊಂಡಳು. ಆ ವಾರವೆಲ್ಲ ಅದಕ್ಕೇ ಉತ್ತರ ಹೇಳಿ ಅವಳಿಗೆ ಸಾಕಾಗಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಹೊರಟಾಗ ಕೊಟ್ಟಿಗೆಯ ತನಕ ಬಂದಳು. ತಪ್ಪಾಯಿತು ಎಂದೆ.

“ಬುಡು. ದುಡ್ಡು ಹೋಗಿದ್ದಕ್ಕಲ್ಲ ಕಣೋ. ನನ್ನ ಒಂದ್ ಮಾತು ಕೇಳ್ಬೋದಿತ್ತು ನೀನು.”

ಡೈರಿಯ ಖಾತೆ ಈಗ ಭಾವನ ಹೆಸರಿನಲ್ಲಿದೆ. ಹಾಲು ಕರೆಯುವವಳು ಅಕ್ಕನೇ. ಗೌರಿ ಹಬ್ಬಕ್ಕೆ ಪ್ರತಿ ವರ್ಷ ಗುಬ್ಬಿಗೆ ಬರುತ್ತಿದ್ದವಳು ಈ ಸಲ ಬರಲಿಲ್ಲ. ನಾನೇ ಬಾಗಿನ ತೆಗೆದುಕೊಂಡು ಹೋದೆ. ಮೊರದ ಮೇಲೆ ಅವಳಿಗೆಂದು ಐನೂರರ ಒಂದು ನೋಟು ಇಟ್ಟಿದ್ದೆ. ಅಕ್ಕ ಮೊರವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ, ಯಾರೂ ಕೇಳದೆ ಇದ್ದರೂ, ನೋಟನ್ನು ಎತ್ತಿ ಭಾವನ ಕೈಗೆ ಕೊಟ್ಟಳು.